ನೆಟ್ಟ ನೋಟ, ನಿಲ್ಲದ ಕಣ್ಣು



ಒಂದು ಬಿಳಿಯ ಹಾಳೆ ತೆಗೆದುಕೊಳ್ಳಿ. ಅದರ ನಡುವೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಈಗ ಹತ್ತು ಸೆಕೆಂಡುಗಳ ಕಾಲ ಕಣ್ಣನ್ನು ಕೂದಲೆಳೆಯಷ್ಟೂ ಕದಲಿಸದೆ ಆ ಚುಕ್ಕೆಯನ್ನೇ ನೋಡಿ. ಆಯಿತೇ? ಆಯಿತು ಎನ್ನುತ್ತೀರಿ. ನಿಜವಾಗಿ ಆಗಿಲ್ಲ. ಆ ಹತ್ತು ಸೆಕೆಂಡುಗಳಲ್ಲಿ ನಿಮ್ಮ ಕಣ್ಣು ಹತ್ತರಿಂದ ಇಪ್ಪತ್ತು ಸಲ ಸಣ್ಣಗೆ ಜಿಗಿದಿದೆ. ಎರಡು ಜಿಗಿತಗಳ ನಡುವೆ ಅತ್ತಿತ್ತ ತೇಲಿದೆ. ತೇಲುತ್ತಿರುವಾಗಲೇ ಒಂದೇ ಸಮನೆ ನಡುಗಿದೆ. ನಿಮಗೆ ಮಾತ್ರ ಇದಾವುದೂ ತಿಳಿಯಲಿಲ್ಲ. ತಡೆಯಬೇಕೆಂದು ಹಟ ತೊಟ್ಟರೂ ಪೂರ್ತಿಯಾಗಿ ತಡೆಯಲು ನಿಮ್ಮಿಂದಾಗದು.

ನಮ್ಮ ಭಾಷೆಯಲ್ಲಿ 'ಕಣ್ಣು ನೆಟ್ಟು ನೋಡುವುದು' ಎಂಬ ಮಾತಿದೆ. ಹೊಲದಲ್ಲಿ ಗೂಟ ನೆಟ್ಟ ಹಾಗೆ ಕಣ್ಣನ್ನೂ ಒಂದೆಡೆ ನೆಡಬಹುದು ಎಂಬ ಭಾವನೆ ಅದರಲ್ಲಿದೆ. ಆದರೆ ಗೂಟಕ್ಕೆ ಸಾಧ್ಯವಾದದ್ದು ಕಣ್ಣಿಗೆ ಸಾಧ್ಯವಿಲ್ಲ. ಒಂದು ವೇಳೆ ಸಾಧ್ಯವಾಗಿಬಿಟ್ಟರೆ ಏನಾಗುತ್ತಿತ್ತು? ನಾವು ನೆಟ್ಟು ನೋಡುತ್ತಿದ್ದ ವಸ್ತುವೇ ಕೆಲವು ಕ್ಷಣಗಳಲ್ಲಿ ಕಣ್ಣೆದುರಿನಿಂದ ಮಾಯವಾಗುತ್ತಿತ್ತು! ಇದು ಊಹೆಯ ಮಾತಲ್ಲ, ಪ್ರಯೋಗದಿಂದ ಕಂಡ ಸಂಗತಿ. ಅದನ್ನು ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ನೋಟಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಚಾರ ಮಾಡೋಣ.

ಯಾದಗಿರಿಯ ಬೇಸಿಗೆ ಎಂಥದೆಂದು ಬಲ್ಲವರೇ ಬಲ್ಲರು. ಹಗಲೆಲ್ಲ ಕಾದ ಮಾಳಿಗೆಗೆ ಸಂಜೆ ನೀರು ಹೊಡೆದು, ರಾತ್ರಿ ಅಲ್ಲಿಯೇ ಹಾಸಿಗೆ ಬಿಡಿಸಿ ಮಲಗುವುದು ವಾಡಿಕೆ. ಹಾಗೆ ಮಲಗಿದಾಗ ಮೋಡದ ಸಂದಿನಲ್ಲಿ ಒಂಟಿಯಾಗಿ ಕಾಣುವ ಒಂದು ಚಿಕ್ಕಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಹತ್ತಿರದಲ್ಲಿ ಬೇರೆ ಚಿಕ್ಕಿಯಾಗಲಿ, ಮನೆಯ ಗೋಡೆಯಾಗಲಿ ಕಾಣದಂತಿರಬೇಕು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಚಿಕ್ಕಿ ಮೆಲ್ಲನೆ ಸರಿಯತೊಡಗುತ್ತದೆ. ಎಡಕ್ಕೆ ಹೋಯಿತು ಎನ್ನುವಷ್ಟರಲ್ಲಿ ಮೇಲಕ್ಕೆ ಹೋಗುತ್ತದೆ. ಪಕ್ಕದಲ್ಲಿ ಮಲಗಿದ ತಮ್ಮನನ್ನು ಕೇಳಿದರೆ ಅವನು ಬೇರೆಯೇ ದಿಕ್ಕು ಹೇಳುತ್ತಾನೆ. 1799ರಲ್ಲಿ ಜರ್ಮನಿಯ ಮಹಾ ಪ್ರವಾಸಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಟೆನೆರಿಫ್ ದ್ವೀಪದ ಬೆಟ್ಟ ಹತ್ತುವಾಗ ಇದನ್ನೇ ಕಂಡು, ನಕ್ಷತ್ರಗಳೇ ತೂಗಾಡುತ್ತಿವೆ ಎಂದು ಭಾವಿಸಿದ. ತೂಗಾಟ ಆಕಾಶದಲ್ಲಿಲ್ಲ, ನೋಡುವವರಲ್ಲಿದೆ ಎಂಬುದು ಗೊತ್ತಾಗಲು ಮತ್ತೆ ಅರ್ಧ ಶತಮಾನವೇ ಹಿಡಿಯಿತು. ಕಣ್ಣಿನ ತೇಲಾಟಕ್ಕೂ ಈ ಭ್ರಮೆಗೂ ನಂಟಿದೆ. ಹೋಲಿಸಿ ನೋಡಲು ಅಕ್ಕಪಕ್ಕದಲ್ಲಿ ಏನೂ ಇಲ್ಲದಾಗ, ಸರಿದದ್ದು ಚಿಕ್ಕಿಯೋ ಕಣ್ಣೋ ಎಂದು ತೀರ್ಮಾನಿಸಲು ಮಿದುಳಿಗೆ ಆಧಾರ ಸಾಲದು. ರಾತ್ರಿ ವಿಮಾನ ನಡೆಸುವವರಿಗೆ ತರಬೇತಿಯಲ್ಲೇ ಈ ಮೋಸದ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ಒಂಟಿ ದೀಪವನ್ನೇ ದಿಟ್ಟಿಸುತ್ತ ಕೂತರೆ ಅದರ ಬೆನ್ನು ಹತ್ತಿ ದಾರಿ ತಪ್ಪುವ ಅಪಾಯ ಅವರಿಗಿದೆ.

ಈ ಚಲನೆಗಳು ಎಷ್ಟು ಸಣ್ಣವು? ಅಳತೆಗೆ ಸುರಪುರದ ಕಿರುಚಿತ್ರವೊಂದನ್ನು ತೆಗೆದುಕೊಳ್ಳೋಣ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಬೆಳೆದ ಈ ಚಿತ್ರಕಲೆ ತನ್ನ ನವುರಾದ ಗೆರೆಗಳಿಗೂ ಚಿನ್ನದ ಕೆಲಸಕ್ಕೂ ಹೆಸರಾದದ್ದು. ಅಂಥ ಚಿತ್ರದಲ್ಲಿ ಒಂದು ಮುಖ ನಿಮ್ಮ ಹೆಬ್ಬೆರಳಿನ ಉಗುರಿನಷ್ಟಿದೆ ಎಂದುಕೊಳ್ಳಿ. ಚಿತ್ರವನ್ನು ಒಂದು ಅಡಿ ದೂರದಲ್ಲಿ ಹಿಡಿದು ನೋಡುತ್ತಿದ್ದೀರಿ. ನಮ್ಮ ಅಕ್ಷಿಪಟಲದ ನಡುವೆ ಒಂದು ಚಿಕ್ಕ ಗುಳಿಯಿದೆ. ಶಂಕುಕೋಶಗಳು ಅಲ್ಲಿ ಒತ್ತೊತ್ತಾಗಿ ನೆರೆದಿರುವುದರಿಂದ ಅತಿ ಸ್ಪಷ್ಟವಾದ ನೋಟ ದೊರೆಯುವುದು ಅಲ್ಲಿ ಮಾತ್ರ. ಆ ಗುಳಿಯ ನಟ್ಟನಡುವಿನ ಭಾಗಕ್ಕೆ ಒಮ್ಮೆಗೆ ಸಿಗುವುದು ಸುಮಾರು ಒಂದು ಡಿಗ್ರಿಯ ನೋಟ. ಒಂದು ಅಡಿ ದೂರದಲ್ಲಿ ಅದರ ಅಗಲ ಸುಮಾರು 5 ಮಿಲಿಮೀಟರ್. ಅಂದರೆ ಉಗುರಿನಷ್ಟು ಮುಖ ಕೂಡ ಒಂದೇ ನೋಟದಲ್ಲಿ ಪೂರ್ತಿ ಸ್ಪಷ್ಟವಾಗಿ ಕಾಣುವುದಿಲ್ಲ!

ಈಗ ಮೊದಲನೆಯ ಚಲನೆ, ಕಿರುಜಿಗಿತ. ವಿಜ್ಞಾನಿಗಳು ಇದನ್ನು ಮೈಕ್ರೋಸ್ಯಾಕೇಡ್ ಎನ್ನುತ್ತಾರೆ. ಸೆಕೆಂಡಿಗೆ ಒಂದೆರಡು ಸಲ ಬರುತ್ತದೆ. ಒಂದು ಡಿಗ್ರಿಗಿಂತ ಕಡಿಮೆ, ಎಷ್ಟೋ ಸಲ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ನಮ್ಮ ಚಿತ್ರದ ಮೇಲೆ ಅದು ಒಂದೂಮುಕ್ಕಾಲು ಮಿಲಿಮೀಟರ್ ಆಯಿತು: ಚಿತ್ರದ ರಾಣಿಯ ಮೂಗಿನ ತುದಿಯಿಂದ ಮೂಗುತಿಯವರೆಗೆ. ಎರಡನೆಯದು ತೇಲಾಟ. ಇದು ನಿಧಾನ, ಇದಕ್ಕೆ ಗೊತ್ತಾದ ದಿಕ್ಕಿಲ್ಲ. ನೀರಿನ ಮೇಲೆ ಬಿಟ್ಟ ಎಲೆಯ ಹಾಗೆ ನೋಟ ಹತ್ತಾರು ಶಂಕುಕೋಶಗಳ ಮೇಲೆ ಹಾದುಹೋಗುತ್ತದೆ. ಮೂರನೆಯದು ನಡುಕ. ಸೆಕೆಂಡಿಗೆ ಸುಮಾರು ತೊಂಬತ್ತು ಸಲ. ಅದರ ವಿಸ್ತಾರ ಒಂದು ಶಂಕುಕೋಶದ ಅಗಲದಷ್ಟೇ. ಚಿತ್ರದ ಮೇಲೆ ಅಳೆದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಕಣ್ಣು ನಿಲ್ಲುವುದಿಲ್ಲ ಎಂಬುದನ್ನು ಬಹಳ ಹಿಂದೆಯೇ ಕೆಲವರು ಗಮನಿಸಿದ್ದರು. 1786ರಲ್ಲಿ ಇಂಗ್ಲೆಂಡಿನ ವೈದ್ಯ ರಾಬರ್ಟ್ ಡಾರ್ವಿನ್, ಬಣ್ಣದ ವೃತ್ತವೊಂದನ್ನು ದಿಟ್ಟಿಸಿದಾಗ ಅಂಚಿನಲ್ಲಿ ಮೂಡುವ ಬೆಳಕಿನ ಗೆರೆಗೆ ಕಣ್ಣಿನ ಅಸ್ಥಿರತೆಯೇ ಕಾರಣವೆಂದು ಬರೆದ. ಈತ ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ತಂದೆ. ಆದರೆ ಈ ಅಸ್ಥಿರತೆಯಿಂದ ಲಾಭವೋ ನಷ್ಟವೋ ಎಂದು ತಿಳಿಯಲು ಕಣ್ಣನ್ನು ನಿಲ್ಲಿಸಿ ನೋಡಬೇಕಲ್ಲವೇ? ಕಣ್ಣನ್ನು ನಿಲ್ಲಿಸುವುದಂತೂ ಆಗದ ಮಾತು. ಹಾಗಾಗಿ ವಿಜ್ಞಾನಿಗಳು ಒಂದು ಜಾಣ ಉಪಾಯ ಹೂಡಿದರು. ಕಣ್ಣು ಎತ್ತ ಸರಿದರೂ ಚಿತ್ರವೂ ಅತ್ತಲೇ, ಅಷ್ಟೇ ಸರಿಯುವಂತೆ ಮಾಡಿದರು.

1952ರಲ್ಲಿ ಇಂಗ್ಲೆಂಡಿನ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್, ಮರುವರ್ಷ ಅಮೆರಿಕದ ರಿಗ್ಸ್ ಮತ್ತು ಸಂಗಡಿಗರು ಇಂಥ ಪ್ರಯೋಗಗಳನ್ನು ಪ್ರಕಟಿಸಿದರು. ಕಣ್ಣಿಗೆ ಬಿಗಿಯಾಗಿ ಕೂರುವ ಕಾಂಟ್ಯಾಕ್ಟ್ ಲೆನ್ಸಿಗೆ ಪುಟ್ಟ ಕನ್ನಡಿ ಅಂಟಿಸಿ, ಚಿತ್ರದ ಬೆಳಕು ಆ ಕನ್ನಡಿಗೆ ಬಡಿದು ಪರದೆಗೆ ಹೋಗುವಂತೆ ಮಾಡಿದರು. ಕಣ್ಣು ಕದಲಿದರೆ ಕನ್ನಡಿ ಕದಲುತ್ತದೆ, ಕನ್ನಡಿ ಕದಲಿದರೆ ಚಿತ್ರವೂ ಕದಲುತ್ತದೆ. ಫಲವಾಗಿ ಚಿತ್ರ ಅಕ್ಷಿಪಟಲದ ಅದೇ ಕೋಶಗಳ ಮೇಲೆ ಅಂಟಿಕೊಂಡಂತೆ ನಿಲ್ಲುತ್ತದೆ. ಸೋವಿಯತ್ ದೇಶದ ಯಾರ್ಬುಸ್ ಇನ್ನೂ ಮುಂದೆ ಹೋಗಿ, ಗಾಳಿ ಹೀರಿ ಕಣ್ಣುಗುಡ್ಡೆಗೆ ಕಚ್ಚಿಕೊಳ್ಳುವ ಚಿಕ್ಕ ಬಟ್ಟಲನ್ನೇ ಬಳಸಿದ. ಕೇಳಿದರೇ ಮೈ ಜುಮ್ಮೆನ್ನುತ್ತದೆ. ನೀವು ದಯವಿಟ್ಟು ಇಂಥದಕ್ಕೆ ಕೈ ಹಾಕಬೇಡಿ. ಎಲ್ಲರಿಗೂ ಕಂಡದ್ದು ಒಂದೇ. ಕೆಲವೇ ಸೆಕೆಂಡುಗಳಲ್ಲಿ ಗೆರೆ ಮಾಸಿತು, ಬಣ್ಣ ಮಾಸಿತು, ಉಳಿದದ್ದು ಬರಿಯ ಬೂದಿಬಣ್ಣ. ಕಣ್ಣು ತೆರೆದೇ ಇದೆ, ಬೆಳಕು ಬೀಳುತ್ತಲೇ ಇದೆ, ಆದರೂ ನೋಟವಿಲ್ಲ. ಚಿತ್ರವನ್ನು ಸ್ವಲ್ಪ ಅಲುಗಿಸಿದೊಡನೆ ಎಲ್ಲವೂ ಮತ್ತೆ ಮೂಡಿಬಂತು.

ಕಾರಣ ಸರಳ. ನಮ್ಮ ನರಗಳಿಗೆ ಬೇಕಾದದ್ದು ಸ್ಥಿತಿಯಲ್ಲ, ಬದಲಾವಣೆ. ಬೆಳಿಗ್ಗೆ ಕೈಗೆ ಕಟ್ಟಿದ ಗಡಿಯಾರ ಮಧ್ಯಾಹ್ನದ ಹೊತ್ತಿಗೆ ಮೈಗೆ ತಿಳಿಯುವುದೇ ಇಲ್ಲ. ಅರಳೆಯ ಗಿರಣಿಯಲ್ಲಿ ದುಡಿಯುವವರಿಗೆ ಯಂತ್ರದ ಸದ್ದು ಗಮನಕ್ಕೆ ಬರುವುದು ಅದು ನಿಂತಾಗ. ಅಕ್ಷಿಪಟಲದ ನರಕೋಶಗಳೂ ಹಾಗೆಯೇ. ಒಂದೇ ಬೆಳಕು ಒಂದೇ ಕಡೆ ಬೀಳುತ್ತಿದ್ದರೆ ಮೊದಲು ಜೋರಾಗಿ ಸುದ್ದಿ ಕಳಿಸಿ, ಬರಬರುತ್ತ ಸುಮ್ಮನಾಗುತ್ತವೆ. ಕಣ್ಣಿನ ಸಣ್ಣ ಅಲುಗಾಟ ಅವುಗಳನ್ನು ಸುಮ್ಮನಿರಗೊಡುವುದಿಲ್ಲ.

ಕಪ್ಪೆಯ ಪಾಡು ನೋಡಿ. ಅದರ ಕಣ್ಣು ನಮ್ಮ ಕಣ್ಣಿನಂತೆ ಸುತ್ತ ಹುಡುಕಾಡುವುದಿಲ್ಲ. ಅಮೆರಿಕದ ಲೆಟ್‌ವಿನ್ ಮತ್ತು ಸಂಗಡಿಗರು 1959ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಸುತ್ತ ಆಹಾರವಿದ್ದರೂ ಅದು ಅಲುಗದಿದ್ದರೆ ಕಪ್ಪೆ ಹಸಿದೇ ಸಾಯುತ್ತದೆ ಎಂದು ಹೇಳಿದರು. ಸುರಪುರದ ಬಳಿಯ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಹೋದವರು, ನೀರಿನ ಅಂಚಿನಲ್ಲಿ ಕೊಕ್ಕರೆ ಕಲ್ಲಿನಂತೆ ನಿಂತಿರುವುದನ್ನು ನೋಡಿರುತ್ತೀರಿ. ಕಪ್ಪೆಯಂಥ ಬೇಟೆಯ ಎದುರು ಆ ನಿಶ್ಚಲತೆಗೆ ಎಂಥ ಬೆಲೆಯಿದೆ ಎಂದು ಈಗ ಯೋಚಿಸಿ.

ಕನ್ನಡಿ, ಲೆನ್ಸುಗಳಿಲ್ಲದೆ ನಮ್ಮ ಮನೆಯಲ್ಲೇ ಇದನ್ನು ಪರೀಕ್ಷಿಸಬಹುದೇ? ಧಾರಾಳವಾಗಿ. ಕರಿಹಲಗೆಯ ನಡುವೆ ಒಂದು ಚುಕ್ಕೆ ಇಡಿ. ಅದರಿಂದ ಒಂದು ಗೇಣು ದೂರದಲ್ಲಿ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಸವರಿ, ಅಂಚು ಸ್ಪಷ್ಟವಾಗಿರದ ಮಸುಕು ಕಲೆಯೊಂದನ್ನು ಮಾಡಿ. ಎರಡು ಮೂರು ಅಡಿ ದೂರ ನಿಂತು ಚುಕ್ಕೆಯನ್ನೇ ನೋಡಿ. ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲಿ ಕಲೆ ಕರಗಿ ಹಲಗೆ ಖಾಲಿಯಾದಂತೆ ಕಾಣುತ್ತದೆ. 1804ರಲ್ಲಿ ಟ್ರಾಕ್ಸ್‌ಲರ್ ಎಂಬ ಸ್ವಿಸ್ ವೈದ್ಯ ಇದನ್ನು ವರದಿ ಮಾಡಿದ. ನೋಟದ ಅಂಚಿನಲ್ಲಿ ಒಂದೊಂದು ನರಕೋಶ ಕಾಯುವ ಪ್ರದೇಶ ಬಹಳ ದೊಡ್ಡದು. ಅಲ್ಲಿನ ಮಸುಕು ಕಲೆಯನ್ನು ಎಚ್ಚರವಾಗಿಡಲು ಈ ಸಣ್ಣ ಚಲನೆಗಳು ಸಾಲುವುದಿಲ್ಲ. 2006ರಲ್ಲಿ ಸುಸಾನಾ ಮಾರ್ಟಿನೆಜ್-ಕೊಂಡೆ ಮತ್ತು ಸಂಗಡಿಗರು ಇಂಥ ಪ್ರಯೋಗದ ವೇಳೆ ಕಣ್ಣಿನ ಚಲನೆಯನ್ನೂ ಅಳೆದರು. ಕಿರುಜಿಗಿತಗಳು ಕಡಿಮೆಯಾದಾಗ ಕಲೆ ಮಾಯವಾಗುತ್ತಿತ್ತು, ಹೆಚ್ಚಾದಾಗ ಮರಳಿ ಕಾಣುತ್ತಿತ್ತು. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಮರ, ಕೊಂಬೆ ಯಾವುದೂ ಕಾಣದೆ ಹಕ್ಕಿಯ ತಲೆಯೊಂದೇ ಕಂಡಿತಂತೆ. ಅದು ಏಕಾಗ್ರತೆಯ ಕಥೆ, ನಿಜ. ಆದರೂ ಈ ಪ್ರಯೋಗ ಮಾಡಿದ ಮೇಲೆ ನನಗೆ ಆ ಕಥೆ ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಸೊಗಸಾದದ್ದು. ನಮ್ಮ ಕಣ್ಣಿನಲ್ಲಿ ರಕ್ತನಾಳಗಳ ಒಂದು ಬಲೆ ಬೆಳಕು ಗ್ರಹಿಸುವ ಕೋಶಗಳ ಮುಂದೆಯೇ ಹರಡಿಕೊಂಡಿದೆ. ಅದರ ನೆರಳು ಹಗಲೆಲ್ಲ ಆ ಕೋಶಗಳ ಮೇಲೆ ಬೀಳುತ್ತಿದೆ. ನಾವು ಅದನ್ನೇಕೆ ಕಾಣುವುದಿಲ್ಲ? ನಾಳಗಳು ಕಣ್ಣಿನ ಜೊತೆಗೇ ಚಲಿಸುವುದರಿಂದ ನೆರಳು ಕದಲುವುದಿಲ್ಲ. ಕದಲದ್ದು ಕಾಣದು. ಅದನ್ನು ಕದಲಿಸಲು ದಪ್ಪ ಕಾಗದದಲ್ಲಿ ಗುಂಡುಸೂಜಿಯಿಂದ ಒಂದು ರಂಧ್ರ ಮಾಡಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಅದನ್ನು ತೀರ ಹತ್ತಿರ ಹಿಡಿದು ಬೆಳಗಿದ ಆಕಾಶದ ಕಡೆ ನೋಡಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಸೂರ್ಯನತ್ತ ಎಂದಿಗೂ ನೋಡಕೂಡದು. ಈಗ ಕಾಗದವನ್ನು ಬೇಗಬೇಗ ಸಣ್ಣ ಸುತ್ತಿನಲ್ಲಿ ಆಡಿಸಿ. ಒಣಮರದ ರೆಂಬೆಗಳಂಥ ನಾಳಗಳ ಜಾಲ ಆಕಾಶದಲ್ಲಿ ಮೂಡುತ್ತದೆ. ಅದು ನಿಮ್ಮದೇ ಕಣ್ಣಿನೊಳಗಿನ ಚಿತ್ರ. ಕೈ ನಿಲ್ಲಿಸಿ, ಕೆಲವೇ ಕ್ಷಣಗಳಲ್ಲಿ ಮರ ಮಾಯ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನೋಟ ಮಾಸದಂತೆ ಕಾಯುವುದಷ್ಟೇ ಈ ಚಲನೆಗಳ ಕೆಲಸವೋ? ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಅದರಲ್ಲಿ ಮಲಗಿದ ಬುದ್ಧನ ಆಕಾರ ಕಂಡಿರುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಬೆಟ್ಟದ ಅಂಚಿನ ದೊಡ್ಡ ಏರಿಳಿತಗಳು. ಸುರಪುರದ ಚಿತ್ರದ ಮುಖವಾದರೋ ಎಳೆಎಳೆಯಾದ ಗೆರೆಗಳದು. ಈ ಎರಡು ಬಗೆಯ ನೋಟಗಳಿಗೂ ಕಣ್ಣಿನ ಚಲನೆ ಸಮನಾಗಿ ಬೇಕೇ? 2007ರಲ್ಲಿ ಮಿಕೆಲೆ ರುಚಿ ಮತ್ತು ಸಂಗಡಿಗರು ದಟ್ಟ ಗೆರೆಗಳನ್ನೂ ವಿರಳ ಗೆರೆಗಳನ್ನೂ ತೋರಿಸಿ ಇದನ್ನೇ ಪರೀಕ್ಷಿಸಿದರು. ಚಿತ್ರವನ್ನು ಅಕ್ಷಿಪಟಲದ ಮೇಲೆ ನಿಲ್ಲಿಸಿಬಿಟ್ಟಾಗ ವಿರಳ ಗೆರೆಗಳನ್ನು ಗುರುತಿಸುವುದಕ್ಕೆ ಅಡ್ಡಿಯಾಗಲಿಲ್ಲ. ದಟ್ಟವಾದ ಸೂಕ್ಷ್ಮ ಗೆರೆಗಳನ್ನು ಗುರುತಿಸುವ ಶಕ್ತಿ ಮಾತ್ರ ಕುಂದಿತು. ಬಟ್ಟೆಯಂಗಡಿಯಲ್ಲಿ ನಾವು ಸೀರೆಯ ಮೇಲೆ ಬೆರಳನ್ನು ಇಟ್ಟು ಸುಮ್ಮನಿರುವುದಿಲ್ಲ, ಮೆಲ್ಲನೆ ಆಡಿಸುತ್ತೇವೆ. ನೇಯ್ಗೆ ಒರಟೋ ನಯವೋ ಎಂದು ಆಗ ತಿಳಿಯುತ್ತದೆ. ಕಣ್ಣಿನ ತೇಲಾಟವೂ ಗೆರೆಗಳ ಮೇಲೆ ಹಾಗೆ ಬೆರಳಾಡಿಸುತ್ತದೆ. ಬುದ್ಧನ ಬೆಟ್ಟಕ್ಕೆ ಅಷ್ಟು ನಾಜೂಕು ಬೇಡ, ಸುರಪುರದ ಗೆರೆಗೆ ಬೇಕು.

ಕಿರುಜಿಗಿತದ ವಿಷಯದಲ್ಲಿ ಮಾತ್ರ ವಿಜ್ಞಾನಿಗಳ ನಡುವೆ ದೊಡ್ಡ ಜಗಳವೇ ನಡೆಯಿತು. ಆ ಜಗಳದ ನಡುವೆ ಇದ್ದದ್ದು ನಮ್ಮ ಮನೆಗಳ ಸೂಜಿ ದಾರ ಎಂದರೆ ನಂಬುತ್ತೀರಾ? ಈ ಸೀಮೆಯ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಕೆಲಸದ ಮೊದಲ ಕಷ್ಟ ಸೂಜಿಗೆ ದಾರ ಪೋಣಿಸುವುದು. ವಯಸ್ಸಾದ ಆಯಿಯು ಮೊಮ್ಮಗನನ್ನು ಕರೆದು, 'ಸೂಜಿಗೆ ದಾರ ಹಾಕಿ ಕೊಡಪಾ' ಎನ್ನುತ್ತಾಳೆ. ಅವಳ ತೊಂದರೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ ನೋಟ ಹಿಡಿಯದಿರುವುದು. ಅದಕ್ಕೆ ಕನ್ನಡಕ ಸಾಕು. ಮೊಮ್ಮಗನ ಕಣ್ಣು ದಾರ ಹಾಕುವಾಗ ಏನು ಮಾಡುತ್ತದೆ ಎಂಬುದೇ ವಿವಾದ. 1976ರಲ್ಲಿ ವಿಂಟರ್ಸನ್ ಮತ್ತು ಕೊಲೆವೈನ್, ದಾರ ಪೋಣಿಸುವಂಥ ನಾಜೂಕು ಕೆಲಸಗಳಲ್ಲಿ ಕಿರುಜಿಗಿತಗಳು ಕಡಿಮೆಯಾಗುತ್ತವೆ ಎಂದು ಕಂಡರು. ಅತ್ಯಂತ ಸೂಕ್ಷ್ಮ ನೋಟ ಬೇಕಾದಾಗಲೇ ಕೈಬಿಡುವ ಚಲನೆಯಿಂದ ಏನು ಉಪಯೋಗ? 1980ರಲ್ಲಿ ಕೋಲರ್ ಮತ್ತು ಸ್ಟೈನ್‌ಮನ್, ಅದೇ ಡಿಚ್‌ಬರ್ನ್‌ಗೆ ಬರೆದ ಉತ್ತರಕ್ಕೆ, ಈ ಜಿಗಿತಗಳಿಂದ ಯಾವ ಪ್ರಯೋಜನವೂ ಇಲ್ಲ ಎಂಬ ಅರ್ಥದ ತಲೆಬರಹವನ್ನೇ ಕೊಟ್ಟರು.

ಮೂವತ್ತು ವರ್ಷಗಳ ಮೇಲೆ, 2010ರಲ್ಲಿ ಕೋ, ಪೊಲೆಟ್ಟಿ ಮತ್ತು ರುಚಿ ಇನ್ನೂ ನಿಖರವಾದ ಉಪಕರಣಗಳೊಡನೆ ಸೂಜಿಯ ಪ್ರಶ್ನೆಗೆ ಮರಳಿದರು. ಪರದೆಯ ಮೇಲೆ ಸೂಜಿಯ ಕಣ್ಣಿನತ್ತ ದಾರ ಬರುತ್ತಿರುತ್ತದೆ, ನೋಡುವವರು ಅದನ್ನು ಗುರಿಗೆ ಸರಿಹೊಂದಿಸಬೇಕು. ಆಗ ಕಿರುಜಿಗಿತಗಳು ದಾರದ ತುದಿಯಿಂದ ಸೂಜಿಯ ಕಣ್ಣಿಗೆ, ಸೂಜಿಯ ಕಣ್ಣಿನಿಂದ ದಾರದ ತುದಿಗೆ ಗುರಿ ತಪ್ಪದೆ ಹಾರುತ್ತಿದ್ದವು. ಇದು ಕಣ್ಣಿನ ಸ್ನಾಯುಗಳ ಗೊಂದಲವಲ್ಲ, ಕೆಲಸ ಅರಿತ ನೋಟ. 2013ರಲ್ಲಿ ಇದೇ ತಂಡದ ಇನ್ನೊಂದು ಅಧ್ಯಯನ ಕಾರಣವನ್ನೂ ತೋರಿಸಿತು. ಅಕ್ಷಿಪಟಲದ ಆ ಗುಳಿಯ ಒಳಗೂ ಸ್ಪಷ್ಟತೆ ಎಲ್ಲೆಡೆ ಒಂದೇ ಸಮನಿಲ್ಲ. ನಟ್ಟನಡುವಿನಿಂದ ಚೂರು ಆಚೆ ಸರಿದರೂ ನೋಟ ಮಂಕಾಗುತ್ತದೆ. ಆದ್ದರಿಂದಲೇ ಮೂಗುತಿ ನೋಡಲು ಮೂಗಿನ ತುದಿಯಿಂದ ಒಂದೂಮುಕ್ಕಾಲು ಮಿಲಿಮೀಟರ್ ಹಾರಬೇಕು. 1980ರ ವಾದ ದಡ್ಡ ವಾದವಾಗಿತ್ತೆಂದು ನಾನು ಹೇಳುವುದಿಲ್ಲ. ಆಗಿನ ಅಳತೆಗಳಿಗೆ ಅದು ನ್ಯಾಯವಾಗಿಯೇ ಇತ್ತು.

ಕಣ್ಣು ಇಷ್ಟೆಲ್ಲ ಕುಣಿಯುವಾಗ ಲೋಕವೇಕೆ ಕುಣಿಯುವುದಿಲ್ಲ? ನೋಟದ ಕ್ಷೇತ್ರವಿಡೀ ಒಟ್ಟಿಗೆ ಅಲುಗಿದರೆ ಅದು ಕಣ್ಣಿನ ಅಲುಗಾಟವೆಂದು ಮಿದುಳು ಲೆಕ್ಕದಿಂದ ಕಳೆದುಬಿಡುತ್ತದೆ. ಹಳೆಯ ಟಿ.ವಿ.ಗಳಲ್ಲಿ ಪ್ರಸಾರವಿಲ್ಲದಾಗ ಪರದೆಯ ತುಂಬ ಕಪ್ಪು ಬಿಳಿ ಚುಕ್ಕೆಗಳು ಗಿಜಿಗುಡುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ನೆನೆಸಿಕೊಂಡಾರು. 1998ರಲ್ಲಿ ಮುರಕಾಮಿ ಮತ್ತು ಕಾವನಾ ಅಂಥ ಚುಕ್ಕೆಗಳ ಗಿಜಿಗಿಜಿಯನ್ನು ನೋಟದ ಒಂದು ಭಾಗಕ್ಕೆ ಮಾತ್ರ ಸ್ವಲ್ಪ ಹೊತ್ತು ತೋರಿಸಿ ನಿಲ್ಲಿಸಿದರು. ಉಳಿದ ಭಾಗದ ನಿಂತ ಚುಕ್ಕೆಗಳು ನಡುಗುತ್ತಿರುವಂತೆ ಕಂಡವು. ಮಿದುಳಿನ ಲೆಕ್ಕ ಒಂದು ಗಳಿಗೆ ತಪ್ಪಿ, ಜನ ತಮ್ಮದೇ ಕಣ್ಣಿನ ಅಲುಗಾಟವನ್ನು ಕಂಡರು.

ಕೆಲವರ ಕಣ್ಣು ಇದಕ್ಕಿಂತ ಎಷ್ಟೋ ಹೆಚ್ಚು, ಎದುರಿಗಿದ್ದವರಿಗೂ ಕಾಣುವಂತೆ, ಅತ್ತಿಂದಿತ್ತ ಓಲಾಡುತ್ತದೆ. ಇದಕ್ಕೆ ನಿಸ್ಟಾಗ್ಮಸ್ ಎಂದು ಹೆಸರು. ಹಲವರಲ್ಲಿ ಇದು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಶುರುವಾಗುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಕಾಣಿಸಿಕೊಂಡರಂತೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಚಿಕ್ಕಂದಿನಿಂದ ಇರುವವರಲ್ಲಿ ಒಂದು ವಿಶೇಷವಿದೆ. ಕಣ್ಣುಗಳನ್ನು ಯಾವುದೋ ಒಂದು ದಿಕ್ಕಿಗೆ ಹೊರಳಿಸಿದಾಗ ಓಲಾಟ ಕಡಿಮೆಯಾಗಿ ಅಕ್ಷರ ಚೆನ್ನಾಗಿ ಕಾಣುತ್ತದೆ. ಹೀಗೆಂದು ಯಾರೂ ಹೇಳಿಕೊಡದಿದ್ದರೂ ಮಗು ಅದನ್ನು ತಾನೇ ಕಂಡುಕೊಳ್ಳುತ್ತದೆ. ತರಗತಿಯಲ್ಲಿ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಹಲಗೆಯನ್ನು ಓರೆಯಾಗಿ ನೋಡುವ ಹುಡುಗ ಹುಡುಗಿಯರನ್ನು ನೀವು ಕಂಡಿರಬಹುದು. ಗೆಳೆಯರು ನಗುತ್ತಾರೆ, 'ನೆಟ್ಟಗೆ ಕೂತು ನೋಡು' ಎಂದು ಹಿರಿಯರು ಗದರುತ್ತಾರೆ. ನೆಟ್ಟಗೆ ಕೂತರೆ ಆ ಮಗುವಿಗೆ ಅಕ್ಷರಗಳು ಕಲಸಿಹೋಗುತ್ತವೆ. ಮುಖವನ್ನು ಎಡಕ್ಕೆ ತಿರುಗಿಸಿ ನೋಡುವ ಮಗುವಿನ ಕಣ್ಣುಗಳು ಬಲಕ್ಕೆ ಹೊರಳಿರುತ್ತವೆ. ಅಂಥವರನ್ನು ತರಗತಿಯ ಎಡಭಾಗದ ಮುಂದಿನ ಸಾಲಿನಲ್ಲಿ ಕೂರಿಸಿದರೆ ಹಲಗೆ ತಾನಾಗಿಯೇ ಬಲಕ್ಕೆ ಬರುತ್ತದೆ, ಕತ್ತು ಅಷ್ಟಾಗಿ ತಿರುಗಿಸಬೇಕಾಗಿಲ್ಲ. ಬಲಕ್ಕೆ ತಿರುಗಿಸುವವರಿಗೆ ಬಲಭಾಗ. ನಿಮ್ಮ ತರಗತಿಯಲ್ಲಿ ಅಂಥವರಿದ್ದರೆ ನಾಳೆಯೇ ಗುರುಗಳಿಗೆ ಹೇಳಿ ಜಾಗ ಬದಲಿಸಿಕೊಡಬಹುದು.